ಮನೆಗೂ ವಿಮೆ ಬೇಕು: ಏಕೆ, ಎಷ್ಟಕ್ಕೆ, ಯಾವುದಕ್ಕೆ?



ನಮ್ಮಲ್ಲಿ ಟ್ರ್ಯಾಕ್ಟರಿಗೆ ವಿಮೆ ಮಾಡಿಸುತ್ತೇವೆ, ಕಾನೂನು ಬಿಡುವುದಿಲ್ಲ. ಸಾಲದಲ್ಲಿ ಕೊಂಡ ಹಸುವಿನ ಕಿವಿಗೆ ವಿಮೆಯ ಓಲೆ ಬೀಳುತ್ತದೆ, ಬ್ಯಾಂಕು ಬಿಡುವುದಿಲ್ಲ. ಬೆಳೆಗೂ ಹವಾಮಾನ ಆಧಾರಿತ ವಿಮೆಯ ಕಂತು ಕಟ್ಟುತ್ತೇವೆ. ಆದರೆ ಇಪ್ಪತ್ತು ಮೂವತ್ತು ವರ್ಷದ ದುಡಿಮೆಯನ್ನೆಲ್ಲ ಸುರಿದು ಕಟ್ಟಿದ ಮನೆಗೆ ವಿಮೆ ಇದೆಯೇ ಎಂದು ಕೇಳಿದರೆ ನೂರಕ್ಕೆ ಹತ್ತು ಮಂದಿಯೂ ಹೌದೆನ್ನಲಾರರೆಂಬುದು ನಮ್ಮ ಅಂದಾಜು. ಕೇಳುವವರಿಲ್ಲದ್ದರಿಂದ ಮಾಡಿಸಿಲ್ಲ, ಅಷ್ಟೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಸದಸ್ಯರನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಿದ್ದೇವೆ.

ಅಪಾಯ ನಮ್ಮ ಕಡೆಯೂ ಇದೆ

ಪ್ರವಾಹ, ಭೂಕುಸಿತ ಎಂದರೆ ಅದು ಮಲೆನಾಡಿನವರ ಪಾಡು ಎಂಬ ಭಾವನೆ ನಮ್ಮಲ್ಲಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಕಾಫಿ ಬೆಳೆಗಾರರು ತೋಟದೊಡನೆ ಮನೆಯನ್ನೂ ಗುಡ್ಡದ ಮಣ್ಣಿಗೆ ಕೊಟ್ಟದ್ದನ್ನು ನಾವೆಲ್ಲ ಕಂಡೆವು. ನಮ್ಮದು ವರ್ಷವಿಡೀ ಹರಿಯುವ ನದಿಯೇ ಇಲ್ಲದ ಬಯಲುಸೀಮೆ, ನಮಗೇನು ಎಂದುಕೊಂಡೆವು. ಮೂರೇ ವರ್ಷಕ್ಕೆ, 2021ರ ನವೆಂಬರ್‌ನಲ್ಲಿ, ನಮ್ಮ ಜಿಲ್ಲೆಯ ಕೆರೆಗಳು ತುಂಬಿ ಕೋಡಿ ಹರಿದವು. ಬತ್ತಿದ್ದ ಉತ್ತರ ಪಿನಾಕಿನಿ ಗೌರಿಬಿದನೂರಿನಲ್ಲಿ ತುಂಬಿ ಬಂತು. ತಗ್ಗಿನ ಬೀದಿಗಳಿಗೆ ನೀರು ನುಗ್ಗಿತು, ಮನೆಗಳು ಬಿದ್ದವು. ಮರು ತಿಂಗಳು, ಡಿಸೆಂಬರ್ 22ರಂದು, ಇದೇ ಜಿಲ್ಲೆಯಲ್ಲಿ ಎರಡು ಬಾರಿ ಭೂಮಿ ಅದುರಿತು. ಕಂಪನ ಸಣ್ಣದು, ತೀವ್ರತೆ 3ರ ಆಸುಪಾಸು. ಆದರೂ ಜನ ಚಳಿಯಲ್ಲಿ ಮನೆಯಿಂದ ಹೊರಗೆ ಓಡಿ ಬಂದರು.

ಸರ್ಕಾರದ ಪರಿಹಾರ ಇದ್ದೇ ಇದೆಯಲ್ಲ ಎನ್ನುವವರಿದ್ದಾರೆ. ವಿಪತ್ತು ಪರಿಹಾರ ನಿಧಿಯಿಂದ 2022ರಿಂದ 2026ರವರೆಗಿನ ಅವಧಿಗೆ ಕೇಂದ್ರವು ನಿಗದಿ ಮಾಡಿದ ದರದಂತೆ ಬಯಲು ಪ್ರದೇಶದಲ್ಲಿ ಮನೆ ಪೂರ್ತಿ ಬಿದ್ದರೆ 1 ಲಕ್ಷ 20 ಸಾವಿರ ರೂಪಾಯಿ. ರಾಜ್ಯ ಸರ್ಕಾರ ಕೆಲವೊಮ್ಮೆ ಅದರ ಮೇಲೆ ಸೇರಿಸಿ ಕೊಟ್ಟದ್ದುಂಟು. ಆದರೆ ಪರಿಹಾರವೆಂಬುದು ಕಷ್ಟಕ್ಕೆ ಕೊಡುವ ನೆರವೇ ಹೊರತು ಮನೆಯ ಬೆಲೆಯಲ್ಲ. ಅಲ್ಲದೆ ಒಲೆಯ ಕಿಡಿಯಿಂದಲೋ ವಿದ್ಯುತ್ ತಂತಿಯಿಂದಲೋ ಒಂದೇ ಮನೆ ಸುಟ್ಟರೆ ಪ್ರವಾಹದ ಪರಿಹಾರ ಅಲ್ಲಿಗೆ ಬರುವುದಿಲ್ಲ.

ಯಾವ ವಿಮೆ?

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ವಾಸದ ಮನೆಗಳಿಗಾಗಿ 'ಭಾರತ್ ಗೃಹ ರಕ್ಷಾ' ಎಂಬ ಮಾದರಿ ಪಾಲಿಸಿಯನ್ನು ಜಾರಿಗೆ ತಂದಿದೆ. ಮೂಲ ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ. ಆದುದರಿಂದ ಎರಡು ಮೂರು ಕಂಪನಿಗಳಲ್ಲಿ ಕಂತು ಎಷ್ಟೆಂದು ಬರವಣಿಗೆಯಲ್ಲಿ ಕೇಳಿ ಹೋಲಿಸಿ ನೋಡುವುದು ಸುಲಭ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ, ಮನೆಯ ಮೇಲೆ ಮರ ಬೀಳುವುದು, ವಾಹನ ಬಂದು ಗುದ್ದುವುದು, ನೀರಿನ ತೊಟ್ಟಿ ಒಡೆಯುವುದು, ಇವೆಲ್ಲ ಇದರಲ್ಲಿ ಸೇರಿವೆ. ಹಿಂದೆ ಭೂಕಂಪಕ್ಕೆ ಬೇರೆ ಕಂತು ಕಟ್ಟಬೇಕಿತ್ತು; ಇದರಲ್ಲಿ ಅದು ಮೊದಲೇ ಸೇರಿದೆ.

ಕಳ್ಳತನದ ವಿಷಯದಲ್ಲಿ ಮಾತ್ರ ಎಚ್ಚರ. ಬೆಂಕಿ, ಪ್ರವಾಹದಂಥ ಅನಾಹುತವಾದ ಏಳು ದಿನಗಳೊಳಗೆ, ಅದರ ಕಾರಣವಾಗಿ ಆದ ಕಳವಿಗಷ್ಟೇ ಇದರಲ್ಲಿ ರಕ್ಷಣೆ. ತೋಟದ ಒಂಟಿ ಮನೆಯವರು ಕನ್ನಗಳವಿಗೆ ಬೇರೆ ವಿಮೆ ಕೇಳತಕ್ಕದ್ದು.

ಎಷ್ಟಕ್ಕೆ ಮಾಡಿಸಬೇಕು?

ಇಲ್ಲಿಯೇ ಹೆಚ್ಚಿನವರು ಎಡವುವುದು. ನಿವೇಶನದ ಬೆಲೆ ಸೇರಿಸಿ ಲೆಕ್ಕ ಹಾಕುವವರುಂಟು. ಬೆಂಗಳೂರು ಹತ್ತಿರವಾದಂತೆ ನಮ್ಮ ಕಡೆ ಜಾಗದ ಬೆಲೆ ಏರಿದೆ, ನಿಜ. ಆದರೆ ಮನೆ ಸುಟ್ಟರೂ ಜಾಗ ಸುಡುವುದಿಲ್ಲ. ಇನ್ನು ಕೆಲವರು ಹದಿನೈದು ವರ್ಷದ ಹಿಂದೆ ಕಟ್ಟಿಸಿದಾಗ ಆದ ಖರ್ಚನ್ನೇ ಬರೆಸುತ್ತಾರೆ. ಎರಡೂ ಸರಿಯಲ್ಲ. ಇಂದು ಅದೇ ಮನೆಯನ್ನು ಹೊಸದಾಗಿ ಕಟ್ಟಲು ಬೇಕಾಗುವ ಹಣಕ್ಕೆ ವಿಮೆ ಮಾಡಿಸಬೇಕು. ಗೋಡೆಯ ಒಳಗಿನ ವಿಸ್ತೀರ್ಣವನ್ನು ಇಂದಿನ ಕಟ್ಟಡ ದರದಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. ಉದಾಹರಣೆಗೆ ವಿಸ್ತೀರ್ಣ 800 ಚದರಡಿ, ಊರಿನ ಮೇಸ್ತ್ರಿ ಹೇಳುವ ದರ ಚದರಡಿಗೆ 1,800 ರೂಪಾಯಿ ಎಂದಿಟ್ಟುಕೊಂಡರೆ ಮೊತ್ತ 14,40,000 ರೂಪಾಯಿ. ಕಾಂಪೌಂಡು ಗೋಡೆ, ನೀರಿನ ತೊಟ್ಟಿ, ಗೋಬರ್ ಗ್ಯಾಸ್ ಗುಂಡಿ, ಸೋಲಾರ್ ಫಲಕ ಇವುಗಳ ಬೆಲೆಯನ್ನು ಬೇರೆಯಾಗಿ ಬರೆದು ಸೇರಿಸಬೇಕು.

ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮಂಚ, ಬೀರು, ಪಾತ್ರೆ, ಟಿ.ವಿ. ಮೊದಲಾದ ಸಾಮಾನುಗಳಿಗೆ ಆ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ತಾನಾಗಿಯೇ ರಕ್ಷಣೆ ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ 14,40,000ಕ್ಕೆ ಅದು 2,88,000 ರೂಪಾಯಿ. ಒಡವೆಗೆ ಬೇರೆಯಾಗಿ ಕೇಳಿ ಸೇರಿಸಬೇಕು. ನಗದು ಹಣಕ್ಕೆ, ಪತ್ರಗಳಿಗೆ, ವಾಹನಕ್ಕೆ ಇದರಲ್ಲಿ ರಕ್ಷಣೆಯಿಲ್ಲ.

ಹುಳು ಮನೆ, ಅಡಿಕೆ ಕೊಠಡಿ

ಪಟ್ಟಣದವರಿಗಿಲ್ಲದ ತೊಡಕೊಂದು ಬೆಳೆಗಾರರಿಗಿದೆ. ನಮ್ಮ ಮನೆ ಬರೀ ವಾಸದ ಮನೆಯಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಒಂದೇ ಸೂರಿನಡಿ ರೇಷ್ಮೆ ಹುಳು ಸಾಕುವವರಿದ್ದಾರೆ. ಹಜಾರದಲ್ಲೇ ಚಂದ್ರಿಕೆ ನಿಲ್ಲಿಸುತ್ತಾರೆ, ಚಳಿಗೆ ಕೆಂಡವನ್ನೋ ಹೀಟರನ್ನೋ ಇಡುತ್ತಾರೆ. ಒಣ ಬಿದಿರಿನ ಚಂದ್ರಿಕೆಗೆ ಒಂದು ಕಿಡಿ ಸಾಕು. ಅಡಿಕೆ ಬೆಳೆಗಾರರು ದರಕ್ಕಾಗಿ ಕಾಯುತ್ತ ಚೀಲಗಳನ್ನು ಒಳಕೋಣೆಯಲ್ಲಿ ಇಡುತ್ತಾರೆ, ಕಾಫಿಯವರು ಚೆರ್ರಿಯನ್ನು ಇಡುತ್ತಾರೆ. ಗೃಹ ರಕ್ಷಾ ಇರುವುದು ವಾಸದ ಮನೆಗೆ ಮತ್ತು ಗೃಹಬಳಕೆಯ ವಸ್ತುಗಳಿಗೆ. ಮಾರಾಟದ ಸರಕು ಗೃಹಬಳಕೆಯ ವಸ್ತುವಲ್ಲ. ಬೆಂಕಿಯಲ್ಲಿ ಮಂಚದ ಹಣ ಬಂದು, ಅದಕ್ಕಿಂತ ಹತ್ತು ಪಾಲು ಬೆಲೆಬಾಳುವ ಅಡಿಕೆಯ ಹಣ ಬಾರದೆ ಹೋದೀತು.

ಇದಕ್ಕೆ ಪರಿಹಾರವಿದೆ. ಅರ್ಜಿಯಲ್ಲಿ ಮನೆಯ ಯಾವ ಭಾಗ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ಮುಚ್ಚಿಡದೆ ಬರೆಯಿರಿ. ಹುಳು ಮನೆ, ಸುಲಿಯುವ ಯಂತ್ರ, ಗೋದಾಮು, ದಾಸ್ತಾನುಗಳಿಗೆ ಬೇರೆ ಪಾಲಿಸಿ ಕೇಳಿರಿ. ಒಟ್ಟು ಆಸ್ತಿ 5 ಕೋಟಿಯೊಳಗಿನ ಸಣ್ಣ ಉದ್ಯಮಗಳಿಗಾಗಿ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಮಾದರಿ ಪಾಲಿಸಿ ಇದೆ. ನಿಮ್ಮದು ಅದರಲ್ಲಿ ಸೇರುವುದೇ ಎಂದು ಕಂಪನಿಯಿಂದ ಬರವಣಿಗೆಯಲ್ಲಿ ಪಡೆಯಿರಿ. ಏಜೆಂಟರ ಬಾಯಿಮಾತು ಸಾಲದು.

ಗೋಡೆ, ಖಾತೆ, ಸಾಲ

ನಮ್ಮ ಹಳೆಯ ಮನೆಗಳು ಮಣ್ಣಿನ ಗೋಡೆಯವು, ಮೇಲೆ ಕಲ್ಲುಚಪ್ಪಡಿಯೋ ಹೆಂಚೋ ಇರುತ್ತದೆ. ಅರ್ಜಿಯಲ್ಲಿ ಇದನ್ನು ಇದ್ದಂತೆಯೇ ತಿಳಿಸಬೇಕು. ಇಟ್ಟಿಗೆ ಗೋಡೆ ಎಂದು ಬರೆಸಿ ಮಣ್ಣಿನ ಗೋಡೆ ಬಿದ್ದರೆ ತಕರಾರು ಖಂಡಿತ. ಇನ್ನೊಂದು ಮಾತು: ನೆನೆದ ಮಣ್ಣಿನ ಗೋಡೆ ಮಳೆಯ ದಿನವೇ ಬೀಳುವುದಿಲ್ಲ, ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಬಿರಿದು ಕುಸಿಯುತ್ತದೆ. ಆಗ ಅದು ಪ್ರವಾಹದಿಂದ ಬಿತ್ತೋ ಹಳತಾಗಿ ಬಿತ್ತೋ ಎಂಬ ಪ್ರಶ್ನೆ ಏಳುತ್ತದೆ. ಹಳತಾದ ಸೂರು ಸೋರಿದ್ದಕ್ಕೆ, ತಳಪಾಯ ಕೂತು ಗೋಡೆ ಬಿರುಕು ಬಿಟ್ಟದ್ದಕ್ಕೆ ವಿಮೆ ಹಣ ಕೊಡುವುದಿಲ್ಲ. ಆದುದರಿಂದ ನೀರು ನುಗ್ಗಿದ ದಿನವೇ, ಗೋಡೆ ನಿಂತಿದ್ದರೂ ಸರಿ, ನೀರಿನ ಮಟ್ಟ ಕಾಣುವಂತೆ ಫೋಟೋ ತೆಗೆದು ಕಂಪನಿಗೆ ತಿಳಿಸಿಬಿಡಬೇಕು.

ಅದರಂತೆಯೇ, ಶಾರ್ಟ್ ಸರ್ಕ್ಯೂಟಿನಿಂದ ಮೋಟಾರು ಸುಟ್ಟರೆ ಆ ಮೋಟಾರಿನ ಬೆಲೆ ಸಿಗದು. ಅದರಿಂದ ಬೆಂಕಿ ಹಬ್ಬಿ ಸುಟ್ಟ ಬೇರೆ ವಸ್ತುಗಳಿಗೆ ಸಿಗುತ್ತದೆ.

ಎಷ್ಟೋ ಮನೆಗಳ ಖಾತೆ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದೆ. ವಿಮೆ ಮಾಡಿಸುವವರಿಗೆ ಆ ಮನೆಯಲ್ಲಿ ಹಕ್ಕಿರಬೇಕು. ಮೊದಲು ಗ್ರಾಮ ಪಂಚಾಯಿತಿಯಲ್ಲಿ ಖಾತೆ ಸರಿಪಡಿಸಿಕೊಂಡು, ಕಂದಾಯದ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಮನೆಸಾಲ ಪಡೆದವರು ಬ್ಯಾಂಕಿನವರೇ ವಿಮೆ ಮಾಡಿಸಿದ್ದಾರೆಂದು ಸುಮ್ಮನಿರುತ್ತಾರೆ. ಆ ಪಾಲಿಸಿಯ ಪ್ರತಿ ಕೇಳಿ ಓದಿ ನೋಡಿ. ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವವಿಮೆ ಬೇರೆ, ಕಟ್ಟಡದ ವಿಮೆ ಬೇರೆ. ಕಟ್ಟಡದ ವಿಮೆಯೇ ಆಗಿದ್ದರೂ ಅದು ಸಾಲದ ಮೊತ್ತಕ್ಕಷ್ಟೇ ಇದ್ದರೆ, ಬಂದ ಹಣ ಬ್ಯಾಂಕಿಗೆ ಜಮೆಯಾಗಿ ನಿಮಗೆ ಉಳಿಯುವುದು ಬರಿಯ ನಿವೇಶನ.

ನಷ್ಟವಾದಾಗ

ಕೂಡಲೇ ಕಂಪನಿಗೆ ತಿಳಿಸಬೇಕು. ಬೆಂಕಿಯಾದರೆ ಅಗ್ನಿಶಾಮಕ ಠಾಣೆ ಮತ್ತು ಪೊಲೀಸರಿಗೆ, ಪ್ರವಾಹವಾದರೆ ಪಂಚಾಯಿತಿ ಮತ್ತು ಕಂದಾಯ ಇಲಾಖೆಗೆ ದೂರು ಕೊಟ್ಟು ಮಹಜರಿನ ನಕಲು ಪಡೆಯಬೇಕು. ಕಂಪನಿಯ ಸರ್ವೇಯರು ಬಂದು ನೋಡುವ ಮುಂಚೆ ಅವಶೇಷಗಳನ್ನು ಸಾಗಿಸಬೇಡಿ. ಆದರೆ ಉಳಿದದ್ದು ಕೆಡದಂತೆ ಟಾರ್ಪಾಲು ಹೊದಿಸುವುದು ನಿಮ್ಮದೇ ಹೊಣೆ. ಕಂಪನಿಗೆ ಬರೆದ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ನಮ್ಮ ಸಂಘವು ಯಾವ ಕಂಪನಿಗೂ ಏಜೆಂಟಲ್ಲ. ಯಾವುದನ್ನು ಆರಿಸಬೇಕೆಂಬುದು ಸದಸ್ಯರಿಗೇ ಬಿಟ್ಟದ್ದು. ಊರಿಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾಗಬಾರದು ಎಂಬುದಷ್ಟೇ ನಮ್ಮ ಕಳಕಳಿ. ಈ ಮಳೆಗಾಲ ಶುರುವಾಗುವುದರೊಳಗೆ ಮೂರು ಕೆಲಸ ಮಾಡಿ: ಟೇಪು ಹಿಡಿದು ಮನೆಯನ್ನು ಅಳೆಯಿರಿ; ಕೋಣೆ ಕೋಣೆಗೂ ಹೋಗಿ ಇರುವ ಸಾಮಾನು, ದಾಸ್ತಾನುಗಳ ಪಟ್ಟಿ ಬರೆದು ಫೋಟೋ ತೆಗೆದಿಡಿ; ಪಾಲಿಸಿಯ ಒಂದು ಪ್ರತಿಯನ್ನು ಆ ಮನೆಯಲ್ಲಲ್ಲದೆ ಬೇರೆ ಕಡೆ ಇಡಿ. ಬೇರೆ ಜಾಗವಿಲ್ಲದವರು ಸಂಘದ ಕಚೇರಿಗೆ ತಂದರೆ ಬೀರುವಿನಲ್ಲಿ ಇಟ್ಟುಕೊಳ್ಳುತ್ತೇವೆ.