ನಿಮಗಿದು ಗೊತ್ತೇ? ವಿಷದಲ್ಲೂ ಎರಡು ಬಗೆ

ನಾಗರಹಾವನ್ನು ಇಂಗ್ಲಿಷಿನಲ್ಲಿ ‘ಪಾಯ್ಸನಸ್’ ಎಂದರೆ ಹಾವು ಬಲ್ಲವರು ಹುಬ್ಬೇರಿಸುತ್ತಾರೆ. ಅದು ‘ವೆನಮಸ್’. ಹಲ್ಲು, ಕೊಂಡಿ, ಮುಳ್ಳಿನಿಂದ ಇನ್ನೊಂದು ಜೀವಿಯ ಮೈಗೆ ಚುಚ್ಚಿ ಇಳಿಸುವ ವಿಷ ವೆನಮ್. ತಿಂದಾಗ, ಕುಡಿದಾಗ, ಮುಟ್ಟಿದಾಗ ತಾನಾಗಿ ಒಳಸೇರುವುದು ಪಾಯ್ಸನ್. ನಮಗೆ ಎರಡೂ ವಿಷವೇ!

★ ಹಾವಿನ ವೆನಮ್ ಬಹುಪಾಲು ಪ್ರೋಟೀನು. ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಜೀರ್ಣವಾಗುತ್ತದೆ, ರಕ್ತಕ್ಕೆ ಸೇರಿದರೆ ಕೊಲ್ಲುತ್ತದೆ. ಹಾಗಂತ ಪಂದ್ಯ ಕಟ್ಟಬೇಡಿ, ಬಾಯಲ್ಲೊಂದು ಹುಣ್ಣಿದ್ದರೂ ಕೆಟ್ಟಿತು.

★ ‘ಪಾಯ್ಸನ್’ ಪದದ ಮೂಲ, ಲ್ಯಾಟಿನ್ನಿನಲ್ಲಿ ‘ಕುಡಿಯುವುದು’ ಎಂಬರ್ಥದ ‘ಪೋಟಿಯೊ’. ಕುಡಿಯುವ ಔಷಧಕ್ಕೆ ಹೇಳುವ ‘ಪೋಷನ್’ ಹುಟ್ಟಿದ್ದೂ ಅಲ್ಲಿಂದಲೇ.

★ 1774ರಲ್ಲಿ ನ್ಯೂ ಕ್ಯಾಲೆಡೋನಿಯಾದಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಪಫರ್ ಮೀನಿನ ಪಿತ್ತಜನಕಾಂಗದ ರುಚಿ ನೋಡಿದ. ರಾತ್ರಿ ಕೈಕಾಲು ಜೋಮು ಹಿಡಿಯಿತು, ಆದರೆ ಬದುಕಿಕೊಂಡ. ಮೀನಿನ ಕರುಳು ತಿಂದ ಹಂದಿ ಮಾತ್ರ ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಇದು ಅಪ್ಪಟ ಪಾಯ್ಸನ್.

★ ಕೊಲಂಬಿಯಾದ ಬಂಗಾರ ಬಣ್ಣದ ವಿಷಗಪ್ಪೆಯ ಚರ್ಮದಲ್ಲಿರುವುದೂ ಪಾಯ್ಸನ್ನೇ. ಅದು ಬರುವುದು ಕಾಡಿನಲ್ಲಿ ತಿನ್ನುವ ಹುಳುಗಳಿಂದ. ಗಾಜಿನ ಪೆಟ್ಟಿಗೆಯಲ್ಲಿ ಬೇರೆ ಆಹಾರ ಹಾಕಿ ಸಾಕಿದ ಮರಿಗಳಿಗೆ ವಿಷವೇ ಇರುವುದಿಲ್ಲ.

★ ಎರಡೂ ಇರುವ ಪ್ರಾಣಿ? ಇದೆ. ಜಪಾನಿನ ‘ಯಮಕಗಾಶಿ’ ಹಾವಿನ ಹಿಂಬದಿಯ ಹಲ್ಲಿನಲ್ಲಿ ವೆನಮ್, ಕುತ್ತಿಗೆಯ ಗ್ರಂಥಿಗಳಲ್ಲಿ ಪಾಯ್ಸನ್. ಎರಡನೆಯದು ಸ್ವಂತದ್ದಲ್ಲ, ನುಂಗಿದ ನೆಲಗಪ್ಪೆಗಳಿಂದ ಕೂಡಿಟ್ಟದ್ದು! ನೆಲಗಪ್ಪೆಗಳೇ ಇಲ್ಲದ ದ್ವೀಪದಲ್ಲಿ ಇದೇ ಹಾವಿನ ಕುತ್ತಿಗೆಯ ಗ್ರಂಥಿಗಳಲ್ಲಿ ಆ ವಿಷವಿಲ್ಲ. ಪಾಪ, ಅಲ್ಲಿ ಶತ್ರು ಎದುರಾದರೆ ಕುತ್ತಿಗೆ ತೋರಿಸುವ ಬದಲು ಓಟ ಕೀಳುವುದೇ ಹೆಚ್ಚು.

★ ಗಂಡು ಪ್ಲಾಟಿಪಸ್ಸಿನ ಹಿಂಗಾಲಿನ ಮುಳ್ಳಿನಲ್ಲೂ ವೆನಮ್.

★ ರಕ್ತದೊತ್ತಡದ ‘ಕ್ಯಾಪ್ಟೊಪ್ರಿಲ್’ ಮಾತ್ರೆಯ ಮೂಲ ಸುಳಿವು ಸಿಕ್ಕಿದ್ದು ಬ್ರೆಜಿಲ್ಲಿನ ಜರರಾಕ ಎಂಬ ಮಂಡಲದ ಹಾವಿನ ವೆನಮ್‌ನಲ್ಲಿ.

★ ನಮ್ಮ ದೇಶದ ಆ್ಯಂಟಿ ವೆನಮ್ ತಯಾರಾಗುವುದು ಹೀಗೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವೆನಮ್ಮನ್ನು ಕುದುರೆಗೆ ಸ್ವಲ್ಪಸ್ವಲ್ಪವೇ ಚುಚ್ಚುತ್ತಾರೆ. ಕುದುರೆಯ ರಕ್ತದಲ್ಲಿ ಮೂಡುವ ಪ್ರತಿಕಾಯಗಳೇ ಔಷಧ. ಇದಕ್ಕೆ ಬೇಕಾದ ವೆನಮ್ ಹೆಚ್ಚಾಗಿ ಬರುವುದು 1978ರಲ್ಲಿ ಶುರುವಾದ ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ.

★ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿತು.

★ ಅದೇ ವರ್ಷ ಪಶ್ಚಿಮಘಟ್ಟದ ಕಾಳಿಂಗ ಸರ್ಪ ಬೇರೆಯೇ ಪ್ರಭೇದವೆಂದು ವಿಜ್ಞಾನಿಗಳು ಸಾರಿದರು. ಇಟ್ಟ ಹೆಸರು ‘ಓಫಿಯೋಫೇಗಸ್ ಕಾಳಿಂಗ’; ಕನ್ನಡದ್ದೇ! ಆದರೆ ಆ ನಾಲ್ಕು ಹಾವುಗಳ ಪಟ್ಟಿಯಲ್ಲಿ ಕಾಳಿಂಗ ಇಲ್ಲ. ಹಾಗಾಗಿ ನಮ್ಮ ಆಸ್ಪತ್ರೆಗಳಲ್ಲಿರುವ ಮಾಮೂಲಿ ಆ್ಯಂಟಿ ವೆನಮ್ ಅದರ ಕಡಿತಕ್ಕೆ ತಯಾರಾದದ್ದಲ್ಲ.