ಬಾಣಂತಿಯ ಬಿಡದ ತಲೆನೋವು: ಸ್ಕ್ಯಾನ್ ಏಕೆ ಬೇಕು?



ಕರು ಹಾಕಿದ ಹಸು ಮೇಲೇಳದಿದ್ದರೆ ನೀವು ನಡುರಾತ್ರಿಯಲ್ಲೂ ನಮಗೆ ಫೋನ್ ಮಾಡುತ್ತೀರಿ. ಆದರೆ ಬಾಣಂತಿ ಮಗಳು ನಾಲ್ಕು ದಿನದಿಂದ ತಲೆನೋವು ಎಂದರೆ, ‘ಶೀತ ಆಗಿರಬೇಕು, ತಲೆಗೆ ಬಟ್ಟೆ ಕಟ್ಟಿಕೋ’ ಎಂದು ಸುಮ್ಮನಾಗುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ನಾನು ದನಗಳ ಡಾಕ್ಟರು, ಮನುಷ್ಯರಿಗೆ ಔಷಧಿ ಹೇಳುವವಳಲ್ಲ. ಆದರೂ ಈ ಒಂದು ವಿಷಯ ನಿಮಗೆ ಗೊತ್ತಿರಬೇಕು.

ಏನಿದು ಕಾಯಿಲೆ?

ಗದ್ದೆಗೆ ನೀರು ತರಲು ಕಾಲುವೆ, ಹೆಚ್ಚಿನ ನೀರು ಹೊರಹೋಗಲು ಬಸಿಗಾಲುವೆ ಇರುತ್ತದಲ್ಲವೇ? ಹಾಗೆಯೇ ಮಿದುಳಿಗೆ ರಕ್ತ ತರುವ ನಾಳ ಬೇರೆ, ವಾಪಸ್ ಒಯ್ಯುವ ನಾಳ ಬೇರೆ. ವಾಪಸ್ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ, ಬಸಿಗಾಲುವೆ ಕಟ್ಟಿಕೊಂಡ ಗದ್ದೆಯಂತೆ ಮಿದುಳಿನಲ್ಲಿ ಒತ್ತಡ ಏರುತ್ತದೆ, ಊತ ಬರುತ್ತದೆ. ಕೆಲವೊಮ್ಮೆ ರಕ್ತಸ್ರಾವವೂ ಆಗುತ್ತದೆ.

ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗದಿರಲೆಂದು ಗರ್ಭಿಣಿಯ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಹೆರಿಗೆಯಾದ ಮೇಲೂ ಕೆಲವು ವಾರ ಅದು ಹಾಗೆಯೇ ಇರುತ್ತದೆ. ಇದರ ಜೊತೆ ನೀರಿನ ಕೊರತೆ, ರಕ್ತಹೀನತೆ ಸೇರಿದರೆ ಅಪಾಯ ಹೆಚ್ಚು. ಗರ್ಭನಿರೋಧಕ ಹಾರ್ಮೋನ್ ಮಾತ್ರೆಯಿಂದಲೂ ಈ ಕಾಯಿಲೆ ಬರಬಹುದು. ಹಬ್ಬ, ಮದುವೆಗೆಂದು ಮುಟ್ಟು ಮುಂದೂಡುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ.

ಲಕ್ಷಣಗಳು

* ದಿನದಿಂದ ದಿನಕ್ಕೆ ಹೆಚ್ಚುವ, ಮಾತ್ರೆಗೂ ಬಗ್ಗದ ತಲೆನೋವು
* ವಾಂತಿ, ಕಣ್ಣು ಮಂಜಾಗುವುದು
* ಫಿಟ್ಸ್
* ಒಂದು ಕಡೆಯ ಕೈಕಾಲಿನ ಶಕ್ತಿ ಕುಗ್ಗುವುದು, ಮಾತು ತೊದಲುವುದು
* ಮಂಪರು

ಫಿಟ್ಸ್ ಬಂದರೆ ‘ಗಾಳಿ ಸೋಕಿದೆ’ ಎಂದು ತಾಯಿತ ಕಟ್ಟಿಸಲು ಹೋಗಬೇಡಿ. ಬಾಣಂತಿಗೆ ರಕ್ತದೊತ್ತಡ ಏರಿದರೂ ಫಿಟ್ಸ್ ಬರುತ್ತದೆ. ಯಾವುದೇ ಆಗಲಿ, ಕೂಡಲೇ 108ಕ್ಕೆ ಕರೆ ಮಾಡಿ.

ಸ್ಕ್ಯಾನ್‌ನಲ್ಲಿ ಪತ್ತೆ ಹೇಗೆ?

ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಮೊದಲು ಸಾದಾ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಇದರಲ್ಲಿ ರಕ್ತಸ್ರಾವ ಬೇಗ ಕಾಣುತ್ತದೆ. ಆದರೆ ನಾಳದೊಳಗಿನ ಹೆಪ್ಪು ಎಷ್ಟೋ ಸಲ ಕಾಣುವುದಿಲ್ಲ. ಹಾಗಾಗಿ ಸಾದಾ ಸ್ಕ್ಯಾನ್ ಸರಿಯಿದೆ ಎಂದ ಮಾತ್ರಕ್ಕೆ ಈ ಕಾಯಿಲೆ ಇಲ್ಲವೆಂದಲ್ಲ.

ನಾಳಗಳನ್ನೇ ತೋರಿಸುವ ಸ್ಕ್ಯಾನಿಗೆ ವೆನೋಗ್ರಾಂ ಎನ್ನುತ್ತಾರೆ. ಸಿ.ಟಿ. ವೆನೋಗ್ರಾಂನಲ್ಲಿ ಕೈಯ ನರಕ್ಕೆ ಒಂದು ಔಷಧಿ ಕೊಡುತ್ತಾರೆ. ರಕ್ತ ಹರಿಯುವ ನಾಳ ಬೆಳ್ಳಗೆ ಹೊಳೆಯುತ್ತದೆ, ಹೆಪ್ಪು ಇರುವ ಜಾಗ ಕಪ್ಪಾಗಿ ಉಳಿಯುತ್ತದೆ. ಎಂ.ಆರ್.ಐ. ಜೊತೆ ಮಾಡುವ ವೆನೋಗ್ರಾಂನಲ್ಲಿ ಹೆಪ್ಪಿನ ಜೊತೆಗೆ ಮಿದುಳಿಗೆ ಆದ ಹಾನಿಯೂ ತಿಳಿಯುತ್ತದೆ. ಎಂ.ಆರ್.ಐ. ದೊಡ್ಡ ಅಯಸ್ಕಾಂತದ ಯಂತ್ರ. ತಾಳಿ, ಓಲೆ, ಬಳೆ, ಕಾಲುಂಗುರ ತೆಗೆಯಬೇಕಾಗುತ್ತದೆ. ಸಂಕೋಚ ಬೇಡ, ಸ್ಕ್ಯಾನ್ ಮುಗಿದ ಮೇಲೆ ಹಾಕಿಕೊಳ್ಳಬಹುದು.

ತಲೆನೋವು ಬಿಡದಿದ್ದರೆ ವೈದ್ಯರನ್ನು ಧೈರ್ಯವಾಗಿ ಕೇಳಿ: ‘ಹೆರಿಗೆಯಾಗಿ ಇಷ್ಟು ದಿನವಾಯಿತು, ಮಿದುಳಿನ ರಕ್ತನಾಳದ ಸ್ಕ್ಯಾನ್ ಬೇಕೇ?’

ಹೆಪ್ಪು ಖಚಿತವಾದರೆ ಅದು ಬೆಳೆಯದಂತೆ ಹೆಪಾರಿನ್ ಇಂಜೆಕ್ಷನ್, ಆಮೇಲೆ ಕೆಲವು ತಿಂಗಳು ಮಾತ್ರೆ ಕೊಡುತ್ತಾರೆ. ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬಾರದು. ಸಕಾಲಕ್ಕೆ ಚಿಕಿತ್ಸೆ ಸಿಕ್ಕಿದವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ನೀರು ತಡೆಯಬೇಡಿ

ಕರು ಹಾಕಿದ ಹಸುವಿನ ಮುಂದೆ ನೀವು ಬಕೆಟ್‌ಗಟ್ಟಲೆ ನೀರಿಡುತ್ತೀರಿ. ನೀರಿಲ್ಲದೆ ಹಾಲಿಲ್ಲ ಎಂದು ನಿಮಗೆ ಗೊತ್ತು. ಹಸುವಿನ ಹಾಲಿನಲ್ಲಿ ಶೇ 87ರಷ್ಟು ನೀರು, ತಾಯಿಯ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಾಗಿರುವಾಗ ‘ನಂಜಾಗುತ್ತದೆ’ ಎಂದು ಬಾಣಂತಿಗೆ ಮಾತ್ರ ಲೋಟ ಲೆಕ್ಕದಲ್ಲಿ ನೀರು ಕೊಡುವುದು ಸರಿಯೇ? ಕಾಯಿಸಿ ಆರಿಸಿದ ನೀರನ್ನು ಬಾಯಾರಿದಾಗಲೆಲ್ಲ ಕೊಡಿ. ಮಲಗಿಸಿಯೇ ಇಡದೆ, ಮನೆಯೊಳಗೆ ನಾಲ್ಕು ಹೆಜ್ಜೆ ಓಡಾಡಲು ಬಿಡಿ.

ಹಸುವಿಗಾಗಿ ನಮ್ಮನ್ನು ಎಷ್ಟು ಬೇಗ ಕರೆಯುತ್ತೀರೋ, ಮಗಳಿಗಾಗಿ, ಸೊಸೆಗಾಗಿ ಆಂಬುಲೆನ್ಸನ್ನೂ ಅಷ್ಟೇ ಬೇಗ ಕರೆಯಿರಿ.