ಕಲ್ಲುಮನೆಯೊಳಗಣ ಮಂದ್ರನಾದ

ಶಹಾಪುರದಲ್ಲಿ, ಮಲಗಿದ ಬುದ್ಧನ ಆಕಾರವನ್ನು ತಾಳಿದ ಬೆಟ್ಟಸಾಲು ಕಿಟಕಿಯಿಂದ ಕಾಣುವ ಹಳೆಯದೊಂದು ಕಲ್ಲುಮನೆಯ ಪಡಸಾಲೆಯಲ್ಲಿ, ಮನೆಯ ಯಜಮಾನರು ಬಹುದಿನಗಳ ಅಪೇಕ್ಷೆಯಿಂದ ಕೊಂಡು ತಂದ, ಮಂದ್ರಸ್ವರಗಳನ್ನು ಮೊಳಗಿಸುವ ಪೆಟ್ಟಿಗೆಯಾದ ಸಬ್‌ವೂಫರನ್ನು ಟೀವಿಯ ಪಕ್ಕದಲ್ಲಿರಿಸಿ, ಕೋಣೆಯ ನಟ್ಟನಡುವೆ ಕುರ್ಚಿ ಹಾಕಿ ಚಲನಚಿತ್ರವನ್ನು ನೋಡತೊಡಗಿದಾಗ, ಮಳೆಯ ದೃಶ್ಯದಲ್ಲಿ ಮಿಂಚಿತೇ ಹೊರತು ಗುಡುಗಲಿಲ್ಲ. ನೀರು ಕುಡಿಯಲೆಂದು ಎದ್ದು ಹಿಂದಣ ಗೋಡೆಯ ಬಳಿಗೆ ಹೋದಾಗ ಅದೇ ಗುಡುಗು ಎದೆ ನಡುಗುವಂತೆ ಮೊಳಗುತ್ತಿತ್ತು. “ಡಬ್ಬಿ ಕೆಟ್ಟದರಿ” ಎಂದು ಅವರು ನನ್ನೊಡನೆ ಖೇದದಿಂದ ನುಡಿದರು. ಡಬ್ಬಿ ನಿರ್ದೋಷವಾಗಿತ್ತು, ಕೋಣೆಯು ತನ್ನ ಸ್ವಭಾವವನ್ನು ಪ್ರಕಟಿಸುತ್ತಿತ್ತು.

20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರು ಸಾಗುವುದರಿಂದ, ಸೆಕೆಂಡಿಗೆ 1000 ಸಲ ಕಂಪಿಸುವ ಸ್ವರದ ಅಲೆ ಒಂದಡಿಗಿಂತ ತುಸುವೇ ಉದ್ದವಾಗಿದ್ದರೆ, 40 ಸಲ ಕಂಪಿಸುವ ಮಂದ್ರಸ್ವರದ ಅಲೆ 28 ಅಡಿ, 20 ಸಲದ್ದು 56 ಅಡಿ ಉದ್ದವಾಗುತ್ತದೆ. ಇಷ್ಟು ದೀರ್ಘವಾದ ಅಲೆಗೆ ಮರಗಿಡಗಳೂ ಮನೆಮಾರುಗಳೂ ಅಡ್ಡಿಯೆನಿಸವು. ಆದುದರಿಂದಲೇ ಸಂಕ್ರಾಂತಿಯ ಮೈಲಾಪುರದ ಜಾತ್ರೆಯಿಂದ ದೂರ ಸರಿದಷ್ಟೂ ಹಾಡಿನ ಮಾತು ಅಳಿದು, ತಾಳದ ಕಿಣಿಕಿಣಿ ಅಡಗಿ, ಡೊಳ್ಳಿನ ಗುಡುಗೊಂದೇ ಕಡೆಯವರೆಗೂ ಕಿವಿಯೊಡನೆ ಬರುತ್ತದೆ. ಬಯಲಿನಲ್ಲಿ ಸ್ವಚ್ಛಂದವಾಗಿ ಹರಿಯುವ ಈ ಅಲೆಯನ್ನು 16 ಅಡಿ ಉದ್ದದ ಕೋಣೆಯೊಳಗೆ ಕೂಡಿದರೆ, ಅದು ಗೋಡೆಗೆ ತಾಗಿ, ಹಿಂದಿರುಗಿ, ತನ್ನನ್ನೇ ತಾನು ಸಂಧಿಸಿ, ಕೋಣೆಯ ಉದ್ದವು ಅಲೆಯ ಅರ್ಧಕ್ಕೆ ಸಮನಾಗುವ ಆವರ್ತದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 35 ಕಂಪನಗಳಲ್ಲಿ (35 ಹರ್ಟ್ಸಿನಲ್ಲಿ), ಸ್ಥಾಯಿತರಂಗವಾಗಿ ನಿಂತುಬಿಡುತ್ತದೆ. ಆಗ ಎರಡು ಗೋಡೆಗಳ ಬಳಿ ಒತ್ತಡದ ಏರಿಳಿತ ಅತ್ಯಧಿಕ, ನಟ್ಟನಡುವೆ ಶೂನ್ಯಪ್ರಾಯ. ಯಜಮಾನರ ಕುರ್ಚಿ ಇದ್ದುದು ಆ ಶೂನ್ಯದಲ್ಲಿ. 12 ಅಡಿ ಅಗಲಕ್ಕೆ 47 ಹರ್ಟ್ಸಿನಲ್ಲಿಯೂ, 10 ಅಡಿ ಎತ್ತರಕ್ಕೆ 56 ಹರ್ಟ್ಸಿನಲ್ಲಿಯೂ ಇದೇ ಲೀಲೆ ನಡೆಯುವುದು. ಉದ್ದಗಲಗಳು ಸಮವಾದ ಚೌಕ ಕೋಣೆಯಲ್ಲಿ ಇಂಥ ಎರಡು ಅನುರಣನಗಳು ಒಂದೇ ಸ್ವರದ ಮೇಲೆ ಬೀಳುವುದರಿಂದ, ಆಯ್ಕೆಗೆ ಅವಕಾಶವಿದ್ದವರು ಅದನ್ನು ಬಿಡುವುದು ಲೇಸು. (ನಮ್ಮ ಕಡೆಯ 40 ಡಿಗ್ರಿಯ ಬೇಸಗೆಯಲ್ಲಿ ಶಬ್ದದ ವೇಗ 355 ಮೀಟರಿಗೆ ಏರಿ, ಈ ಆವರ್ತಗಳೆಲ್ಲ ಒಂದೆರಡು ಹರ್ಟ್ಸಿನಷ್ಟು ಮೇಲೆ ಸರಿಯುವುದೂ ಉಂಟು.)

ಸಬ್‌ವೂಫರಿನ ವಿಷಯವಾಗಿ ದೊರೆಯುವ ಉಪದೇಶದಲ್ಲಿ ಬಹುಭಾಗ ಅಮೆರಿಕದ ಮನೆಗಳನ್ನು ಕಂಡು ಹೇಳಿದುದು. ಅಲ್ಲಿ ಮರದ ಚೌಕಟ್ಟಿಗೆ ತೆಳುವಾದ ಜಿಪ್ಸಮ್ ಹಲಗೆಗಳನ್ನು ಬಡಿದ ಗೋಡೆ ಮಂದ್ರಸ್ವರಕ್ಕೆ ತಾನೂ ಅಷ್ಟಿಷ್ಟು ನಡುಗಿ, ಅದರ ಶಕ್ತಿಯಲ್ಲಿ ಒಂದಂಶವನ್ನು ನುಂಗಿಕೊಳ್ಳುತ್ತದೆ. ನಮ್ಮ ಸಗರನಾಡಿನ ಕಲ್ಲುಗೋಡೆಯಾಗಲಿ, ಕಾಲ ಕೆಳಗಿನ ಶಹಾಬಾದಿ ಪರಸಿಯಾಗಲಿ ಅಲುಗುವುದಿಲ್ಲ. ಬಂದ ಅಲೆಯನ್ನು ಹೆಚ್ಚುಕಡಿಮೆ ಬಂದಂತೆಯೇ ಹಿಂದಕ್ಕಟ್ಟುತ್ತವೆ. ಗೋಡೆಗೆ ಗಾದಿಯನ್ನೊರಗಿಸಿದರೆ ಸಾಲದೇ ಎಂದು, ಹತ್ತಿ ಬೆಳೆಯುವ ನಾಡಾದುದರಿಂದ, ಸಹಜವಾಗಿಯೇ ಕೇಳುವವರಿದ್ದಾರೆ. ಹತ್ತಿ ತಡೆಯುವುದು ಗಾಳಿಯ ಕಣಗಳ ಚಲನೆಯನ್ನು. ಗೋಡೆಯ ಮಗ್ಗುಲಲ್ಲಿ ಆ ಚಲನೆಯೇ ಇಲ್ಲ. ಅದು ಪ್ರಬಲವಾಗುವುದು ಅಲೆಯ ಕಾಲುಭಾಗದಷ್ಟು, ಎಂದರೆ 35 ಹರ್ಟ್ಸಿಗೆ 8 ಅಡಿ, ಈಚೆಗೆ. ಒಂದು ಗೇಣಿನ ಗಾದಿ ಮಾತಿನ ಪ್ರತಿಧ್ವನಿಯನ್ನು ತಗ್ಗಿಸೀತು, ಗುಡುಗಿನ ತಂಟೆಗೆ ಹೋಗದು.

ಆದರೆ ಕಲ್ಲಿನ ಈ ಕಾಠಿಣ್ಯವೇ ಆಯ್ಕೆಯಲ್ಲಿ ನಮಗೆ ಉಪಕಾರಿಯಾಗುವ ಸಂದರ್ಭವೊಂದಿದೆ, ಅದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಸಬ್‌ವೂಫರುಗಳಲ್ಲಿ, ಎಲ್ಲೆಡೆಯೂ ಮುಚ್ಚಿದ ಪೆಟ್ಟಿಗೆಯೆಂದೂ, ಕೊಳವೆಬಾಯಿಯುಳ್ಳ ಪೆಟ್ಟಿಗೆಯೆಂದೂ ಎರಡು ಜಾತಿ. ಕೊಳವೆಯದು ತನ್ನ ಶ್ರುತಿಯವರೆಗೆ ಜೋರಾಗಿ ಮೊಳಗಿ, ಅದರ ಕೆಳಗೆ ಆವರ್ತ ಅರ್ಧವಾಗುವಷ್ಟರಲ್ಲಿ 24 ಡೆಸಿಬೆಲ್ ಕುಸಿಯುತ್ತದೆ; ಮುಚ್ಚಿದುದು ಮೊದಲೇ ಇಳಿಯತೊಡಗಿದರೂ 12 ಡೆಸಿಬೆಲಿನಂತೆ ಮೆಲ್ಲಗೆ ಇಳಿಯುತ್ತದೆ. ಗಟ್ಟಿಗೋಡೆಯ ಸಣ್ಣ ಕೋಣೆಯ ಬಾಗಿಲು ಮುಚ್ಚಿದಾಗ, ಅದರ ಅತಿ ಕೆಳಗಿನ ಅನುರಣನಕ್ಕಿಂತಲೂ ಕೆಳಗೆ, ಅಲೆಯಾಡಲು ಎಡೆಯಿಲ್ಲದೆ ಕೋಣೆಯ ಗಾಳಿಯೆಲ್ಲ ಒಟ್ಟಾಗಿ ಒತ್ತಲ್ಪಟ್ಟು, ಸದ್ದು ಸುಮಾರು ಅದೇ 12 ಡೆಸಿಬೆಲಿನ ಪ್ರಮಾಣದಲ್ಲಿ ಏರುವುದು. ಒಂದರ ಇಳಿತವನ್ನು ಇನ್ನೊಂದರ ಏರಿಕೆ ತುಂಬಿಕೊಡುವುದು. ಆದಕಾರಣ ಸುರಪುರದ ಓಣಿಯೊಳಗಿನ ಸಣ್ಣ ಕಲ್ಲುಕೋಣೆಗೆ ಮುಚ್ಚಿದ ಪೆಟ್ಟಿಗೆಯೇ ಯೋಗ್ಯವೆಂದು ನನ್ನ ಮತ. ಸೆಕೆಗಾಗಿ ಬಾಗಿಲು ಕಿಟಕಿಗಳನ್ನು ತೆರೆದಿಟ್ಟರೆ ಆ ಒತ್ತಡವೆಲ್ಲ ಅಂಗಳಕ್ಕೆ ಸೋರಿಹೋಗುವುದಾದುದರಿಂದ, ತೆರೆದ ಪಡಸಾಲೆಗೆ ಕೊಳವೆಯ ದೊಡ್ಡ ಪೆಟ್ಟಿಗೆ ಬೇಕಾಗುತ್ತದೆ.

ಗಾತ್ರದಲ್ಲಿ ಜಿಪುಣತನ ಸಲ್ಲದು. ಅದೇ ಸದ್ದನ್ನು ಅರ್ಧ ಆವರ್ತದಲ್ಲಿ ಹೊರಡಿಸಲು ಸ್ಪೀಕರಿನ ಪರದೆ ನಾಲ್ಕುಪಟ್ಟು ದೂರ ಆಡಬೇಕು. 5 ಇಂಚಿನ ಪರದೆಗೆ ಅದು ಅಶಕ್ಯ, 10 ಅಥವಾ 12 ಇಂಚಿನದಕ್ಕೆ ಸಾಧ್ಯ. ರಟ್ಟಿನ ಮೇಲೆ ಅಚ್ಚಾದ ಸಾವಿರಗಟ್ಟಲೆ ಪಿಎಂಪಿಒ ವಾಟುಗಳಿಗೆ ಅರ್ಥವಿಲ್ಲ. ಕೇಳಬೇಕಾದುದು ಆರ್‌ಎಂಎಸ್ ವಾಟನ್ನು, ಎಷ್ಟು ಹರ್ಟ್ಸಿನವರೆಗೆ ಇಳಿಯುವುದೆಂಬುದನ್ನು.

ಇನ್ನು ಸ್ಥಾನ. ಮೂಲೆಯಲ್ಲಿಟ್ಟರೆ ಎಲ್ಲ ಅನುರಣನಗಳೂ ಒಮ್ಮೆಗೇ ಎಚ್ಚರಗೊಂಡು ಸದ್ದು ಬೆಳೆಯುವುದು, ಸ್ಪಷ್ಟತೆ ಕೆಡುವುದು. 80 ಹರ್ಟ್ಸಿನ ಕೆಳಗಣ ನಾದ ಯಾವ ದಿಕ್ಕಿನಿಂದ ಬಂದಿತೆಂದು ಕಿವಿ ಗುರುತಿಸಲಾರದಾದುದರಿಂದ, ಪೆಟ್ಟಿಗೆ ಟೀವಿಯ ಪಕ್ಕದಲ್ಲೇ ಇರಬೇಕೆಂಬ ನಿರ್ಬಂಧವೇನೂ ಇಲ್ಲ. ಶಹಾಪುರದ ಮನೆಯಲ್ಲಿ ನಾವು ಮೊದಲು ಕುರ್ಚಿಯನ್ನು ನಡುವಿನಿಂದ ನಾಲ್ಕಡಿ ಹಿಂದಕ್ಕೆಳೆದು, ಕುರ್ಚಿಯ ಆ ಹೊಸ ಜಾಗದಲ್ಲಿ ಪೆಟ್ಟಿಗೆಯನ್ನಿರಿಸಿ, ಏರಿಳಿಯುವ ಮಂದ್ರಸ್ವರಗಳುಳ್ಳ ಒಂದು ವಾದ್ಯಸಂಗೀತವನ್ನು ಹಚ್ಚಿ, ಗೋಡೆಯ ಗುಂಟ ಮೊಣಕಾಲೂರಿ ಅಂಗುಲ ಅಂಗುಲವಾಗಿ ಸರಿಯುತ್ತ ಆಲಿಸಿದೆವು. ಶಬ್ದದ ಹಾದಿ ಎರಡು ದಿಕ್ಕಿನಲ್ಲಿಯೂ ಒಂದೇ ಆದುದರಿಂದ, ಎಲ್ಲಿ ಎಲ್ಲ ಸ್ವರಗಳೂ ಸಮತೂಕದಿಂದ ಕೇಳುವುವೋ ಅದೇ ಪೆಟ್ಟಿಗೆಗೆ ಸ್ಥಾನ. ಎಡಗೋಡೆಯಲ್ಲಿ, ದೀಪವಿಡುವ ಮಾಡದ ಕೆಳಗೆ ಅಂಥ ಜಾಗ ದೊರೆಯಿತು. ಪೆಟ್ಟಿಗೆಯನ್ನು ಅಲ್ಲಿಗೆ ತಂದು, ಅದು ನುಡಿಸುವ ಸ್ವರಗಳ ಮೇಲ್ಮಿತಿಯಾದ ಕ್ರಾಸ್‌ಓವರನ್ನು 80 ಹರ್ಟ್ಸಿಗೆ ನಿಲ್ಲಿಸಿ, ಫೇಸ್ ಗುಂಡಿಯನ್ನು ಅತ್ತಿತ್ತ ತಿರುಗಿಸಿ ಸದ್ದು ತುಂಬಿ ಬಂದ ಕಡೆಗೆ ಬಿಟ್ಟು, ನೆರೆಯವರ ಗೋಡೆಯೂ ಅದೇ ಕಲ್ಲಿನದೆಂಬುದನ್ನು ನೆನೆದು ದನಿಯನ್ನು ತುಸು ತಗ್ಗಿಸಿದೆವು. ಯಜಮಾನರು ಮಳೆಯ ದೃಶ್ಯವನ್ನು ಮತ್ತೆ ಹಾಕಿ ಕುಳಿತು, ಗುಡುಗು ಮುಗಿದ ಮೇಲೆ, ಪರಸಿಯ ಮೇಲೆ ಕುರ್ಚಿಯ ನಾಲ್ಕು ಕಾಲುಗಳ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡರು.